ಹುಚ್ಚುನಾಯಿಯ ರೋಗ: ಗುರುತಿಸುವ ಬಗೆ, ತಡೆಯುವ ದಾರಿ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದೆಂದು ಬಲ್ಲವರು ಹೇಳುತ್ತಾರೆ. ಹಸು ಕೊಟ್ಟಿಗೆಗೆ ಬರುವ ಮುನ್ನವೇ, ಕುದುರೆ ಲಾಯಕ್ಕೆ ಬರುವ ಮುನ್ನವೇ ನಾಯಿಯು ಮನುಷ್ಯನ ಬೆಂಕಿಯ ಬಳಿ ಬಂದು ಮಲಗಿತ್ತು. ಬೆನ್ನು ಬಿಡದೆ ಬಂದ ನಾಯಿಯನ್ನು ತೊರೆದು ತಾನೊಬ್ಬನೇ ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಕೇಳಿಯೇ ಇರುತ್ತಾರೆ. ನಮ್ಮ ಜತ್ತ ತಾಲೂಕಿನಲ್ಲಂತೂ ನಾಯಿಯಿಲ್ಲದ ಬದುಕನ್ನು ಊಹಿಸುವುದೇ ಕಷ್ಟ. ಮಾಡಗ್ಯಾಳದ ಕುರಿಗಳ ಹೆಸರು ದೂರದೂರಕ್ಕೆ ಹಬ್ಬಿದೆ. ಅಂಥ ಕುರಿಗಳನ್ನು ರಾತ್ರಿಯ ಹೊತ್ತು ತೋಳನ ಬಾಯಿಂದ ಕಾಯುವುದು ಕುರುಬನ ನಾಯಿ. ಊರಿನಿಂದ ದೂರವಿರುವ ತೋಟದ ವಸ್ತಿಗಳಲ್ಲಿ ಹಿರಿಯರು ಕೆಲಸಕ್ಕೆ ಹೋದಾಗ ಅಂಗಳವನ್ನೂ ಮಕ್ಕಳನ್ನೂ ಕಾಯುವುದು ಕೂಡ ನಾಯಿಯೇ.

ಇಂಥ ಉಪಕಾರಿ ಪ್ರಾಣಿಯ ಬಾಯಲ್ಲಿಯೇ ಒಮ್ಮೊಮ್ಮೆ ಮೃತ್ಯುವು ಮನೆ ಮಾಡಿರುತ್ತದೆ ಎಂಬುದು ನಿಸರ್ಗದ ಒಂದು ಕ್ರೂರ ಸತ್ಯ. ಆ ಮೃತ್ಯುವಿಗೆ ನಾವು ಹುಚ್ಚುನಾಯಿಯ ರೋಗವೆನ್ನುತ್ತೇವೆ. ವೈದ್ಯರು ರೇಬೀಸ್ ಎನ್ನುತ್ತಾರೆ.

ಈ ವರುಷ ಒಂದು ದಿನ ಪ್ರಾರ್ಥನೆ ಮುಗಿದ ಬಳಿಕ ನಾವು ಮಕ್ಕಳನ್ನು ಕೇಳಿದೆವು: "ನಿಮ್ಮಲ್ಲಿ ಯಾರಿಗಾದರೂ ನಾಯಿ ಕಚ್ಚಿದ್ದುಂಟೇ? ಉಗುರು ತಾಗಿಸಿದ್ದುಂಟೇ?" ಹಲವು ಕೈಗಳು ಮೇಲೆದ್ದವು. "ಅದನ್ನು ಅಂದೇ ಮನೆಯಲ್ಲಿ ಹೇಳಿದವರು ಮಾತ್ರ ಕೈ ಎತ್ತಿರಿ" ಎಂದಾಗ ಕೆಲವು ಕೈಗಳು ಮೆಲ್ಲನೆ ಕೆಳಗಿಳಿದವು. ಕಾರಣ ಕೇಳಿದೆವು. ಒಬ್ಬ ಹುಡುಗನು ತಲೆ ತಗ್ಗಿಸಿ, "ಅಪ್ಪ ಬೈತಾನಂತ ಹೇಳಲಿಲ್ರಿ, ಗುರುಗಳ" ಎಂದನು. ಆ ಹುಡುಗನಿಗೆ ಏನೂ ಆಗಲಿಲ್ಲವೆಂಬುದು ದೈವಕೃಪೆ. ಆದರೆ ಅವನ ಆ ಒಂದು ಮಾತು ನಮ್ಮ ಮನಸ್ಸನ್ನು ಬಹು ದಿನ ಕಾಡಿತು. ಅದೇ ಈ ಲೇಖನಕ್ಕೆ ಕಾರಣ.

ರೋಗದ ಸ್ವರೂಪ

ಈ ರೋಗವು ಒಂದು ಅತಿ ಸೂಕ್ಷ್ಮವಾದ ವಿಷಾಣುವಿನಿಂದ ಬರುತ್ತದೆ. ಅದರ ಆಕಾರವು ಬಂದೂಕಿನ ಗುಂಡಿನಂತಿದೆ. ರೋಗ ತಗುಲಿದ ಪ್ರಾಣಿಯ ಜೊಲ್ಲಿನಲ್ಲಿ ಅದು ತುಂಬಿರುತ್ತದೆ. ಕಚ್ಚಿದಾಗ, ಪರಚಿದಾಗ, ಅಥವಾ ಮೊದಲೇ ಇದ್ದ ಗಾಯವನ್ನು ನೆಕ್ಕಿದಾಗ ಜೊಲ್ಲಿನೊಡನೆ ಅದು ನಮ್ಮ ಮೈಯನ್ನು ಸೇರುತ್ತದೆ. ಕಣ್ಣು, ಬಾಯಿಗಳಿಗೆ ಆ ಜೊಲ್ಲು ಸಿಡಿದರೂ ಅಪಾಯವೇ.

ಹೀಗೆ ಸೇರಿದ ವಿಷಾಣುವು ಬೇರೆ ರೋಗಾಣುಗಳಂತೆ ರಕ್ತದಲ್ಲಿ ಹರಿದಾಡುವುದಿಲ್ಲ. ಗಾಯದ ಬಳಿಯ ನರವನ್ನು ಹಿಡಿದು, ಬಳ್ಳಿಯನ್ನು ಹತ್ತುವ ಇರುವೆಯಂತೆ ಮೆಲ್ಲಮೆಲ್ಲನೆ ಮಿದುಳಿನ ಕಡೆಗೆ ಸಾಗುತ್ತದೆ. ದಿನಕ್ಕೆ ಅದು ಸಾಗುವ ದೂರ ಕೆಲವೇ ಅಂಗುಲ. ನರದೊಳಗೆ ಹೊಗುವ ಮುನ್ನ ಗಾಯದ ಸುತ್ತಲಿನ ಮಾಂಸದಲ್ಲಿಯೇ ಅದು ಎಷ್ಟೋ ದಿನ ತಡೆದು ನಿಲ್ಲುವುದೂ ಉಂಟು. ಆದುದರಿಂದ ಕಚ್ಚಿದ ದಿನಕ್ಕೂ ರೋಗ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಸಾಮಾನ್ಯವಾಗಿ 2ರಿಂದ 3 ತಿಂಗಳುಗಳ ಅಂತರವಿರುತ್ತದೆ. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ಒಂದು ವರುಷವೂ ಆಗಬಹುದು. ಕಾಲಿಗೆ ಕಚ್ಚಿದರೆ ದಾರಿ ದೂರ. ಮುಖಕ್ಕೆ, ಕುತ್ತಿಗೆಗೆ, ಕೈಬೆರಳಿಗೆ ಕಚ್ಚಿದರೆ ಮಿದುಳಿಗೆ ಬಲು ಬೇಗ ತಲುಪುವ ಭಯ. ಮಕ್ಕಳು ಎತ್ತರದಲ್ಲಿ ಚಿಕ್ಕವರು. ನಾಯಿಯ ಬಾಯಿ ಅವರ ಮುಖಕ್ಕೇ ಎಟುಕುತ್ತದೆ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ 100ಕ್ಕೆ 40 ಮಂದಿ 15 ವರುಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ.

ವಿಷಾಣುವು ಮಿದುಳನ್ನು ಮುಟ್ಟಿ ರೋಗದ ಚಿಹ್ನೆಗಳು ಕಾಣಿಸಿಕೊಂಡವೆಂದರೆ ಬಳಿಕ ಮಾಡುವುದೇನೂ ಉಳಿಯುವುದಿಲ್ಲ. ರೋಗಿಗೆ ನೀರು ಕುಡಿಯಲು ಹೋದರೆ ಗಂಟಲು ಹಿಂಡಿದಂತಾಗುತ್ತದೆ. ಮುಂದೆ ನೀರನ್ನು ಕಂಡರೂ, ಗಾಳಿ ಸೋಕಿದರೂ ಮೈ ಬೆಚ್ಚುತ್ತದೆ. ಕೆಲವೇ ದಿನಗಳಲ್ಲಿ ಮರಣ ಬರುತ್ತದೆ. ಬದುಕಿದವರ ಸಂಖ್ಯೆ ಇಡೀ ಜಗತ್ತಿನಲ್ಲಿ ಅತ್ಯಲ್ಪ. ಪ್ರಾಚೀನ ಭಾರತದ ಶಸ್ತ್ರವೈದ್ಯನಾದ ಸುಶ್ರುತನು ತನ್ನ ಸಂಹಿತೆಯ ಕಲ್ಪಸ್ಥಾನದಲ್ಲಿ ಈ ರೋಗವನ್ನು ವರ್ಣಿಸಿ, ನೀರಿಗೆ ಹೆದರುವ ಆ ಅವಸ್ಥೆಯನ್ನು ಜಲತ್ರಾಸವೆಂದು ಕರೆದು, ಅದು ಬಂದವನು ಉಳಿಯನೆಂದು ಹೇಳಿದ್ದಾನೆ. ಅಂದಿನಿಂದ ಇಂದಿನವರೆಗೆ ಆ ಮಾತು ಬಹುಮಟ್ಟಿಗೆ ಹಾಗೆಯೇ ನಿಂತಿದೆ.

ಆದರೆ ಇಲ್ಲಿಯೇ ಒಂದು ದೊಡ್ಡ ಆಶೆಯೂ ಇದೆ. ಕಚ್ಚಿದ ದಿನಕ್ಕೂ ರೋಗಕ್ಕೂ ನಡುವೆ ಇರುವ ಆ ಅಂತರದಲ್ಲಿ ಉಪಾಯ ಮಾಡಿದರೆ ರೋಗವು ಬಾರದಂತೆ ನಿಶ್ಚಯವಾಗಿ ತಡೆಯಬಹುದು. ರೋಗ ಬಂದರೆ ಉಳಿವಿಲ್ಲ; ಆದರೆ ಬಾರದಂತೆ ತಡೆಯುವುದು ನಮ್ಮ ಕೈಯಲ್ಲಿದೆ. ಇಂಥ ರೋಗ ಇನ್ನೊಂದಿಲ್ಲ. ಹಾಗಿದ್ದರೂ ಜನರು ಸಾಯುತ್ತಲೇ ಇದ್ದಾರೆ. 2003ರಲ್ಲಿ ನಡೆದ ಒಂದು ರಾಷ್ಟ್ರೀಯ ಸಮೀಕ್ಷೆಯು ನಮ್ಮ ದೇಶದಲ್ಲಿ ವರುಷಕ್ಕೆ 20,565 ಜನರು ಈ ರೋಗದಿಂದ ಸಾಯುವರೆಂದು ಅಂದಾಜು ಮಾಡಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ವಿಜ್ಞಾನಿಗಳು 2022-23ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಆ ಅಂದಾಜು 5,726ಕ್ಕೆ ಇಳಿದಿದೆ. ಸಂಖ್ಯೆ ಇಳಿದದ್ದು ಸಂತೋಷದ ಸಂಗತಿ. ಆದರೆ ಅದೇ ಸಮೀಕ್ಷೆಯಲ್ಲಿ, ನಾಯಿ ಕಚ್ಚಿದ ಐವರಲ್ಲಿ ಸುಮಾರು ಒಬ್ಬರು ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲವೆಂದು ಕಂಡುಬಂದಿತು. ತಡೆಯಬಹುದಾದ ಮರಣವು ಬರುವುದು ಈ ಬಾಗಿಲಿನಿಂದಲೇ.

ಹುಚ್ಚುನಾಯಿಯನ್ನು ಗುರುತಿಸುವುದು

ನಾಯಿಗೆ ಈ ರೋಗವು ಸಾಮಾನ್ಯವಾಗಿ ಇನ್ನೊಂದು ಹುಚ್ಚುನಾಯಿ ಕಚ್ಚಿದ್ದರಿಂದ ಬರುತ್ತದೆ. ಕಚ್ಚಿದ ಕೆಲವು ವಾರಗಳ ಮೇಲೆ ಅದರ ನಡತೆ ಬದಲಾಗುತ್ತದೆ. ಈ ನಡತೆಯ ಬದಲಾವಣೆಯೇ ಮೊದಲ ಚಿಹ್ನೆ. ಕರೆದರೆ ಓಡಿಬರುತ್ತಿದ್ದ ನಾಯಿ ಕತ್ತಲ ಮೂಲೆಯಲ್ಲಿ ಅಡಗಿ ಕೂಡುತ್ತದೆ. ಯಾರನ್ನೂ ಹತ್ತಿರ ಸೇರಿಸದ ಬೀದಿನಾಯಿ ಇದ್ದಕ್ಕಿದ್ದಂತೆ ಮೈಮೇಲೆ ಬಂದು ನೆಕ್ಕತೊಡಗುತ್ತದೆ. ಅನ್ನವನ್ನು ಬಿಟ್ಟು ಕಲ್ಲು, ಕಟ್ಟಿಗೆ, ಮಣ್ಣುಗಳನ್ನು ಕಚ್ಚುತ್ತದೆ.

ಆಮೇಲೆ ರೋಗವು ಎರಡು ರೂಪಗಳಲ್ಲಿ ಯಾವುದಾದರೊಂದನ್ನು ತಾಳುತ್ತದೆ. ಮೊದಲನೆಯದು ಉಗ್ರರೂಪ. ನಾಯಿಯು ಗೊತ್ತುಗುರಿಯಿಲ್ಲದೆ ಊರಿಂದೂರಿಗೆ ಅಲೆಯುತ್ತದೆ. ಕೆಣಕದಿದ್ದರೂ ಎದುರಿಗೆ ಬಂದ ದನ, ಕುರಿ, ಮನುಷ್ಯರನ್ನು ಕಚ್ಚುತ್ತದೆ. ಬೊಗಳುವ ಧ್ವನಿ ಒಡೆದು ಗೊಗ್ಗರಾಗುತ್ತದೆ. ಬಾಯಿಂದ ಜೊಲ್ಲು ಸುರಿಯುತ್ತದೆ. ಕೊನೆಗೆ ಹಿಂಗಾಲುಗಳು ಸೋತು ಬೀಳುತ್ತದೆ. ಎಲ್ಲರೂ ಬಲ್ಲ ಹುಚ್ಚುನಾಯಿ ಇದು.

ಎರಡನೆಯದು ಮೂಕರೂಪ. ಇದನ್ನು ಬಲ್ಲವರು ಕಡಿಮೆ. ಆದುದರಿಂದಲೇ ಇದು ಹೆಚ್ಚು ಅಪಾಯಕಾರಿ. ಈ ನಾಯಿ ಯಾರ ಮೇಲೂ ಏರಿ ಹೋಗುವುದಿಲ್ಲ. ಕೆಳದವಡೆ ಜೋತುಬಿದ್ದು, ನಾಲಗೆ ಹೊರಚಾಚಿ, ನುಂಗಲಾರದೆ ಸುಮ್ಮನೆ ಬಿದ್ದಿರುತ್ತದೆ. ನೋಡಿದವರಿಗೆ ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ತೋರುತ್ತದೆ. ಕರುಣೆಯುಳ್ಳ ಮಕ್ಕಳು ಎಲುಬು ತೆಗೆಯಲೆಂದು ಬಾಯೊಳಗೆ ಕೈ ಹಾಕುತ್ತಾರೆ. ಕಚ್ಚಿಸಿಕೊಳ್ಳದೆಯೇ ವಿಷವನ್ನು ಕೈಗೆ ಹಚ್ಚಿಕೊಂಡಂತೆ ಆಗುತ್ತದೆ! ಹುಚ್ಚುನಾಯಿ ಕಚ್ಚಿದ ಎಮ್ಮೆ, ಎತ್ತುಗಳಿಗೂ ಇದೇ ಗತಿ. ಅವು ಒಂದೇ ಸಮನೆ ಒರಲುತ್ತವೆ, ಜೊಲ್ಲು ಸುರಿಸುತ್ತವೆ, ಮೇವು ನುಂಗಲಾರವು. ಗಂಟಲಲ್ಲಿ ಏನೋ ಸಿಕ್ಕಿತೆಂದು ಬಾಯಿಗೆ ಕೈ ಹಾಕದೆ ಪಶುವೈದ್ಯರನ್ನು ಕರೆಸಬೇಕು.

ಇಲ್ಲಿ ಮೂರು ತಪ್ಪು ತಿಳುವಳಿಕೆಗಳನ್ನು ನಿವಾರಿಸುವುದು ಅವಶ್ಯ. ಮೊದಲನೆಯದು: "ನಾಯಿ ನೀರು ಕುಡಿಯಿತು, ಆದುದರಿಂದ ಅದಕ್ಕೆ ಹುಚ್ಚಿಲ್ಲ" ಎಂಬುದು. ನೀರಿನ ಹೆದರಿಕೆ ಮನುಷ್ಯನ ರೋಗಲಕ್ಷಣವೇ ಹೊರತು ನಾಯಿಯದಲ್ಲ. ಹುಚ್ಚುನಾಯಿ ನೀರಿಗೆ ಬಾಯಿ ಹಾಕಬಹುದು, ಹಳ್ಳವನ್ನು ಈಜಿ ದಾಟಲೂಬಹುದು. ಎರಡನೆಯದು: ಹುಚ್ಚು ಬೇಸಿಗೆಯಲ್ಲಿ ಮಾತ್ರ ಬರುವುದೆಂಬುದು. ವರುಷದ 12 ತಿಂಗಳಲ್ಲಿಯೂ ಅದು ಬರಬಹುದು. ಮೂರನೆಯದು: ಸಣ್ಣ ಮರಿಯ ಹಲ್ಲಿಗೆ ವಿಷವಿಲ್ಲವೆಂಬುದು. ರೋಗ ತಗುಲಿದ ಮರಿಯ ಹಲ್ಲೂ ದೊಡ್ಡ ನಾಯಿಯ ಹಲ್ಲಿನಷ್ಟೇ ಅಪಾಯಕರ.

ಇನ್ನು ಹತ್ತು ದಿನಗಳ ಮಾತು. ಕಚ್ಚಿದ ಹೊತ್ತಿನಲ್ಲಿ ನಾಯಿಯ ಜೊಲ್ಲಿನಲ್ಲಿ ವಿಷಾಣುವಿದ್ದರೆ, ಆ ನಾಯಿಯು 10 ದಿನಗಳೊಳಗೆ ರೋಗದ ಚಿಹ್ನೆ ತೋರಿಸುತ್ತದೆ ಅಥವಾ ಸಾಯುತ್ತದೆ. ಆದುದರಿಂದ ಕಚ್ಚಿದ ನಾಯಿಯನ್ನು ಕೊಲ್ಲದೆ 10 ದಿನ ದೂರದಿಂದ ಗಮನಿಸಬೇಕು. ಆದರೆ ಒಂದು ಮಾತು: ನಾಯಿಯನ್ನು ನೋಡುತ್ತ 10 ದಿನ ಕಾಯುವುದಲ್ಲ! ಲಸಿಕೆಯನ್ನು ಅಂದೇ ಆರಂಭಿಸಬೇಕು. 10 ದಿನಗಳ ಬಳಿಕವೂ ನಾಯಿ ಆರೋಗ್ಯದಿಂದಿದ್ದರೆ ಮುಂದಿನ ಸೂಜಿಗಳ ವಿಷಯವನ್ನು ವೈದ್ಯರು ನಿರ್ಧರಿಸುತ್ತಾರೆ. ಬೀದಿನಾಯಿ ಕಣ್ಮರೆಯಾದರೆ ಅದಕ್ಕೆ ಹುಚ್ಚಿತ್ತೆಂದೇ ಭಾವಿಸತಕ್ಕದ್ದು.

ಜೀವಂತ ನಾಯಿಯಲ್ಲಿ ರೋಗವಿದೆಯೆಂದು ನಿಸ್ಸಂದೇಹವಾಗಿ ಹೇಳುವ ಪರೀಕ್ಷೆ ಇಲ್ಲ. ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿಯೇ ಹೇಳಬೇಕು. 1903ರಲ್ಲಿ ಇಟಲಿಯ ನೆಗ್ರಿ ಎಂಬ ವಿಜ್ಞಾನಿಯು ಹುಚ್ಚುನಾಯಿಯ ಮಿದುಳಿನ ಕಣಗಳಲ್ಲಿ ಸೂಕ್ಷ್ಮದರ್ಶಕದಿಂದ ವಿಶಿಷ್ಟವಾದ ಗುಳಿಗೆಯಂಥ ಗುರುತುಗಳನ್ನು ಕಂಡನು. ಅವಕ್ಕೆ ಅವನ ಹೆಸರೇ ನಿಂತಿದೆ. 1958ರಲ್ಲಿ ಅದಕ್ಕಿಂತ ಖಚಿತವಾದ, ವಿಷಾಣುವಿರುವೆಡೆ ಹಸಿರು ಬೆಳಕು ಹೊಮ್ಮಿಸುವ ಪರೀಕ್ಷೆಯು ಬಳಕೆಗೆ ಬಂದಿತು. ಕನ್ನಡ ನಾಡಿಗೆ ಹೆಮ್ಮೆಯ ಸಂಗತಿಯೆಂದರೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರವಿಷಾಣು ವಿಭಾಗವು ಈ ರೋಗದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರವಾಗಿದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಪ್ರಯೋಗಶಾಲೆಯೂ ಅಂತರರಾಷ್ಟ್ರೀಯ ಮನ್ನಣೆ ಪಡೆದಿದೆ. ಅನುಮಾನದ ನಾಯಿ ಸತ್ತರೆ ಅದನ್ನು ಬರಿಗೈಯಿಂದ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಮಿದುಳನ್ನು ತೆಗೆಯುವುದು, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಶಾಲೆಗೆ ಕಳಿಸುವುದು ಅವರ ಕೆಲಸ. ಒಂದು ನಾಯಿಗೆ ರೋಗವಿತ್ತೆಂದು ಖಚಿತವಾದರೆ, ಅದು ಬೇರೆ ಯಾರನ್ನು ಕಚ್ಚಿತ್ತೋ ಅವರನ್ನೆಲ್ಲ ಹುಡುಕಿ ಉಳಿಸಬಹುದು.

ಕಚ್ಚಿದಾಗ ಮಾಡತಕ್ಕದ್ದು

ಮೊದಲ ಔಷಧಿ ಪ್ರತಿ ಮನೆಯಲ್ಲಿಯೂ ಇದೆ. ಅದು ಸಾಬೂನು ಮತ್ತು ನೀರು. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಳವಿಲ್ಲದಿದ್ದರೆ ಒಬ್ಬರು ಕೊಡದಿಂದ ನೀರು ಸುರಿಯುತ್ತಿರಲಿ. ನಮ್ಮದು ನೀರಿಗೆ ಬಡತನದ ತಾಲೂಕು. ಒಂದು ಕೊಡ ನೀರಿನ ಬೆಲೆ ನಮ್ಮ ತಾಯಂದಿರಿಗೆ ಗೊತ್ತು. ಆದರೂ ಈ ಒಂದು ಕಾರ್ಯದಲ್ಲಿ ನೀರಿಗೆ ಲೋಭ ಮಾಡಬಾರದು. ವಿಷಾಣುವಿನ ಹೊರಕವಚವು ಕೊಬ್ಬಿನಿಂದಾದುದು. ಜಿಡ್ಡಿನ ಪಾತ್ರೆಯನ್ನು ಸಾಬೂನು ತೊಳೆಯುವಂತೆ ಅದನ್ನೂ ಕರಗಿಸಿ ನಾಶಪಡಿಸುತ್ತದೆ.

ಗಾಯಕ್ಕೆ ಖಾರಪುಡಿ, ಸುಣ್ಣ, ಅರಿಷಿಣ, ಎಣ್ಣೆ, ಸೀಮೆಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ಇವು ಗಾಯವನ್ನು ಕೆರಳಿಸಿ ವಿಷಾಣುವು ನರಗಳೊಳಗೆ ಹೋಗಲು ದಾರಿ ಮಾಡಿಕೊಡುತ್ತವೆ. ಬಿಗಿಯಾಗಿ ಬಟ್ಟೆ ಕಟ್ಟಬಾರದು. ತಾಯಿತ, ಮಂತ್ರಗಳಲ್ಲಿ ನಂಬಿಕೆಯುಳ್ಳವರನ್ನು ನಾವು ಹಳಿಯುವುದಿಲ್ಲ. ಆದರೆ ಮೊದಲು ದವಾಖಾನೆಗೆ ಹೋಗಿ ಸೂಜಿ ಹಾಕಿಸಿ, ಆಮೇಲೆ ದೇವರ ಗುಡಿಗೆ ಹೋಗಿರೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಹುಚ್ಚುನಾಯಿಯ ಸೂಜಿಯೆಂದರೆ ಹೊಕ್ಕುಳ ಸುತ್ತ 14 ಸೂಜಿಗಳೆಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಅದಕ್ಕೊಂದು ಇತಿಹಾಸವುಂಟು. 1885ರ ಜುಲೈ 4ರಂದು ಫ್ರಾನ್ಸಿನ ಗಡಿಯ ಅಲ್ಸಾಸ್ ಪ್ರಾಂತದಲ್ಲಿ ಜೋಸೆಫ್ ಮೈಸ್ಟರ್ ಎಂಬ 9 ವರುಷದ ಹುಡುಗನನ್ನು ಹುಚ್ಚುನಾಯಿ ಅನೇಕ ಕಡೆ ಕಚ್ಚಿತು. ಅವನ ತಾಯಿ ತಡಮಾಡದೆ ಅವನನ್ನು ಪ್ಯಾರಿಸ್ಸಿಗೆ, ಲೂಯಿ ಪಾಶ್ಚರನ ಬಳಿಗೆ ಕರೆದೊಯ್ದಳು. ಜುಲೈ 6ರಂದು ಮೊದಲ ಲಸಿಕೆ ಹಾಕಲಾಯಿತು. ಹುಡುಗನು ಬದುಕಿದನು, ದೊಡ್ಡವನಾಗಿ ಪಾಶ್ಚರನ ಸಂಸ್ಥೆಯಲ್ಲಿಯೇ ಕಾವಲುಗಾರನಾದನು. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಹುಟ್ಟಿದವು. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ಕುರಿಯ ಮಿದುಳಿನಿಂದ ಲಸಿಕೆ ತಯಾರಿಸಿದನು. ಹೊಟ್ಟೆಗೆ ಚುಚ್ಚುತ್ತಿದ್ದ ಲಸಿಕೆ ಅದೇ. ಅದು ಅಸಂಖ್ಯ ಜೀವಗಳನ್ನು ಉಳಿಸಿತು. ಆದರೆ ನೋವಿನದಾಗಿತ್ತು, ಕೆಲವರಿಗೆ ನರಗಳ ತೊಂದರೆಯನ್ನೂ ತರುತ್ತಿತ್ತು. 2004ರ ಅಂತ್ಯಕ್ಕೆ ಭಾರತದಲ್ಲಿ ಆ ಲಸಿಕೆಯ ತಯಾರಿಕೆಯನ್ನು ನಿಲ್ಲಿಸಲಾಯಿತು. ಇಂದಿನ ಲಸಿಕೆ ಬೇರೆ. ಅದನ್ನು ದೊಡ್ಡವರಿಗೆ ತೋಳಿನಲ್ಲಿಯೂ ಎಳೆಯ ಮಕ್ಕಳಿಗೆ ತೊಡೆಯಲ್ಲಿಯೂ ಕೊಡುತ್ತಾರೆ. ಗರ್ಭಿಣಿಯರೂ ನಿರ್ಭಯವಾಗಿ ಹಾಕಿಸಿಕೊಳ್ಳಬಹುದು.

ಮೊದಲ ಸೂಜಿ ಹಾಕಿದ ದಿನವನ್ನು 0 ಎಂದು ಎಣಿಸುತ್ತಾರೆ. ಚರ್ಮದಲ್ಲಿ ಕೊಡುವ ಪದ್ಧತಿಯಲ್ಲಿ 0, 3, 7, 28ನೆಯ ದಿನಗಳು. ಮಾಂಸಖಂಡದಲ್ಲಿ ಕೊಡುವ ಪದ್ಧತಿಯಲ್ಲಿ 0, 3, 7, 14, 28ನೆಯ ದಿನಗಳು. ಹಲ್ಲು ನಾಟಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಗಾಯದೊಳಗೇ ಚುಚ್ಚುವ ಒಂದು ಸಿದ್ಧ ಪ್ರತಿವಿಷವನ್ನೂ ಕೊಡಬೇಕು. ಲಸಿಕೆಯು ಮೈಯಲ್ಲಿ ರಕ್ಷಣೆಯನ್ನು ಹುಟ್ಟಿಸಲು ಕೆಲವು ದಿನಗಳು ಬೇಕು. ಅಷ್ಟರವರೆಗೆ ಈ ಪ್ರತಿವಿಷವು ಬಾಗಿಲು ಕಾಯುತ್ತದೆ. ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಲ್ಲದಿದ್ದರೆ ಎಲ್ಲಿ ದೊರೆಯುವುದೆಂದು ಕೇಳಿ ಅಂದೇ ಅಲ್ಲಿಗೆ ಹೊರಡಬೇಕು.

ಎರಡು ಸೂಜಿ ಹಾಕಿಸಿ, ಗಾಯ ಮಾಯ್ದಿತೆಂದು ಉಳಿದವುಗಳನ್ನು ಬಿಡುವವರುಂಟು. ನಮ್ಮ ತಾಲೂಕಿನ ಅನೇಕ ಕುಟುಂಬಗಳು ದೀಪಾವಳಿಯ ಬಳಿಕ ಕಬ್ಬು ಕಡಿಯಲು ಊರು ಬಿಟ್ಟು ಹೋಗುತ್ತವೆ. ಸೂಜಿಯ ಚೀಟಿ ಮನೆಯ ಗೂಡಿನಲ್ಲಿಯೇ ಉಳಿಯುತ್ತದೆ. ಅಂಥ ಪಾಲಕರು ಚೀಟಿಯನ್ನು ಜೊತೆಗೊಯ್ದು, ತಾವು ಹೋದ ಊರಿನ ಸರಕಾರಿ ದವಾಖಾನೆಯಲ್ಲಿ ತೋರಿಸಿ ಉಳಿದ ಸೂಜಿಗಳನ್ನು ಹಾಕಿಸಬೇಕು. ನಮ್ಮ ಕಡೆಯ ದವಾಖಾನೆಗಳಲ್ಲಿ ಬರಹವೆಲ್ಲ ಮರಾಠಿಯಲ್ಲಿರುತ್ತದೆ. ಫಲಕದಲ್ಲಿ "ಶ್ವಾನದಂಶ" ಎಂದು ಬರೆದಿದ್ದರೆ ಅದು ನಾಯಿಕಡಿತವೆಂದು ತಿಳಿಯಿರಿ. ಮರಾಠಿ ಬಾರದ ತಾಯಂದಿರು "ಕುತ್ರಾ ಚಾವಲಾ" ಎಂದಷ್ಟೇ ಹೇಳಿದರೂ ಸಾಕು, ಅವರಿಗೆ ತಿಳಿಯುತ್ತದೆ. ಭಾಷೆಯ ಸಂಕೋಚದಿಂದ ಯಾರೂ ಬಾಗಿಲಲ್ಲಿ ನಿಲ್ಲಬಾರದು.

ಊರಿನ ಹೊಣೆ

ಕಚ್ಚಿದ ಮೇಲೆ ಒಬ್ಬೊಬ್ಬರನ್ನೇ ಉಳಿಸುವುದು ಒಂದು ಕೆಲಸ. ಹುಚ್ಚು ಎಂಬುದೇ ಊರಿಗೆ ಬಾರದಂತೆ ಮಾಡುವುದು ಅದಕ್ಕಿಂತ ದೊಡ್ಡ ಕೆಲಸ. ಒಬ್ಬ ಮಗುವಿಗೆ ನಾಯಿ ಕಚ್ಚಿತೆಂದರೆ ಊರವರಿಗೆ ಮೊದಲು ತೋಚುವುದು ಬಡಿಗೆ, ವಿಷದ ರೊಟ್ಟಿ. ಆ ಸಿಟ್ಟು ನಮಗೂ ಅರ್ಥವಾಗುತ್ತದೆ. ಆದರೆ ನಾಯಿಗಳನ್ನು ಕೊಲ್ಲುವುದರಿಂದ ಈ ರೋಗ ಎಲ್ಲಿಯೂ ನಿಂತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಮತ್ತೆ ಮತ್ತೆ ಹೇಳಿದೆ. ಊರಿನಲ್ಲಿ ತಿಪ್ಪೆಯೂ ಎಂಜಲೂ ಇರುವವರೆಗೆ, ಸತ್ತ ನಾಯಿಗಳ ಸ್ಥಳಕ್ಕೆ ಪಕ್ಕದ ಊರಿನ ನಾಯಿಗಳು ಬಂದು ಸೇರುತ್ತವೆ. ಅವು ಅಪರಿಚಿತ, ಅವಕ್ಕೆ ಲಸಿಕೆಯಾಗಿದೆಯೋ ಇಲ್ಲವೋ ಯಾರಿಗೂ ತಿಳಿಯದು. ನಾಯಿಯನ್ನು ಹಿಂಸಿಸಿ ಕೊಲ್ಲುವುದು ಕಾನೂನಿಗೂ ವಿರುದ್ಧ.

ನಿಜವಾದ ಉಪಾಯವೆಂದರೆ ನಾಯಿಗಳಿಗೇ ಲಸಿಕೆ ಹಾಕುವುದು. ಒಂದು ಹುಚ್ಚುನಾಯಿ ತಾನು ಸಾಯುವ ಮುನ್ನ ಸರಾಸರಿ ಒಂದೆರಡು ನಾಯಿಗಳಿಗೆ ಮಾತ್ರ ರೋಗವನ್ನು ದಾಟಿಸುತ್ತದೆ. ಊರಿನ 100 ನಾಯಿಗಳಲ್ಲಿ 70ಕ್ಕೆ ಲಸಿಕೆಯಾಗಿದ್ದರೆ, ಅದು ಕಚ್ಚುವ ನಾಯಿಗಳಲ್ಲಿ ಹೆಚ್ಚಿನವು ರಕ್ಷಣೆಯುಳ್ಳವೇ ಆಗಿರುತ್ತವೆ. ಸರಪಳಿ ಅಲ್ಲಿಗೇ ಕಡಿಯುತ್ತದೆ. ರೈತರು ಕಣದಲ್ಲಿ ಬಣವೆಗಳನ್ನು ಒಂದಕ್ಕೊಂದು ತಾಗದಂತೆ ದೂರದೂರ ಒಟ್ಟುತ್ತಾರಲ್ಲವೇ? ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಹಬ್ಬಬಾರದೆಂದು. ಲಸಿಕೆ ಹಾಕಿದ ನಾಯಿಗಳು ಆ ನಡುವಿನ ಅಂತರವಿದ್ದಂತೆ. ಆದರೆ ಬೀದಿನಾಯಿಗಳ ಆಯುಷ್ಯ ಕಡಿಮೆ, ಹೊಸ ಮರಿಗಳು ಹುಟ್ಟುತ್ತಲೇ ಇರುತ್ತವೆ. ಆದುದರಿಂದ ವರುಷವರುಷವೂ ಲಸಿಕೆ ಹಾಕಬೇಕು.

ಇದು ಬರಿಯ ಪುಸ್ತಕದ ಮಾತಲ್ಲ. ಬೆಳಗಾವಿಯ ಘಟ್ಟ ಇಳಿದರೆ ಸಿಗುವ ಗೋವೆಯಲ್ಲಿ ಇದು ನಡೆದುಹೋಗಿದೆ. ಅಲ್ಲಿಯ ಸರಕಾರವು "ಮಿಷನ್ ರೇಬೀಸ್" ಎಂಬ ಸಂಸ್ಥೆಯೊಡನೆ ಕೂಡಿ ಊರೂರು ಅಲೆದು, ದೊಡ್ಡ ಬಲೆಗಳಿಂದ ಬೀದಿನಾಯಿಗಳನ್ನು ಹಿಡಿದು, ಲಸಿಕೆ ಹಾಕಿ, ಗುರುತಿಗೆ ಬಣ್ಣ ಬಳಿದು, ಅಲ್ಲಿಯೇ ಬಿಡುವ ವ್ಯವಸ್ಥೆ ಮಾಡಿತು. ವರುಷಕ್ಕೆ ಸುಮಾರು 1 ಲಕ್ಷ ನಾಯಿಗಳಿಗೆ ಹೀಗೆ ಲಸಿಕೆಯಾಯಿತು. ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದರು. ಅನುಮಾನದ ನಾಯಿ ಕಂಡರೆ ತಿಳಿಸಲು ದೂರವಾಣಿಯ ಏರ್ಪಾಡು ಮಾಡಿದರು. ಫಲವೇನು? 2018, 2019, 2020 ಈ ಮೂರು ವರುಷಗಳಲ್ಲಿ ಗೋವೆಯಲ್ಲಿ ಒಬ್ಬ ಮನುಷ್ಯನೂ ಈ ರೋಗದಿಂದ ಸಾಯಲಿಲ್ಲ. 2021ರಲ್ಲಿ ಗೋವೆಯನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ದೂರದ ಮೆಕ್ಸಿಕೋ ದೇಶವೂ ನಾಯಿಗಳಿಗೆ ಸತತವಾಗಿ ಲಸಿಕೆ ಹಾಕಿ, ನಾಯಿಯಿಂದ ಮನುಷ್ಯನಿಗೆ ಬರುವ ರೇಬೀಸ್ ಮರಣವನ್ನು ನಿರ್ಮೂಲಗೊಳಿಸಿದ ಮೊದಲ ದೇಶವೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಭಾರತ ಸರಕಾರವೂ 2030ರೊಳಗೆ ಈ ಗುರಿಯನ್ನು ಮುಟ್ಟಬೇಕೆಂದು 2021ರ ಸೆಪ್ಟೆಂಬರ 28ರಂದು ರಾಷ್ಟ್ರೀಯ ಕಾರ್ಯಯೋಜನೆಯೊಂದನ್ನು ಹೊರಡಿಸಿತು. ಅದು ಪಾಶ್ಚರನು ತೀರಿಕೊಂಡ ದಿನ. ಜಗತ್ತೆಲ್ಲ ಅಂದು ರೇಬೀಸ್ ದಿನವನ್ನು ಆಚರಿಸುತ್ತದೆ.

ಲಸಿಕೆಯೊಡನೆ ಸಂತಾನಹರಣ ಶಸ್ತ್ರಕ್ರಿಯೆಯೂ ಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಈ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಇಟ್ಟಿವೆ. ಶಸ್ತ್ರಕ್ರಿಯೆಯಾದ ನಾಯಿಯ ಕಿವಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. 2025ರ ನವೆಂಬರ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಸ್ಥಳಗಳಿಂದ ಬೀದಿನಾಯಿಗಳನ್ನು ಹಿಡಿದು, ಶಸ್ತ್ರಕ್ರಿಯೆ, ಲಸಿಕೆಗಳ ಬಳಿಕ ಗೊತ್ತುಪಡಿಸಿದ ಆಶ್ರಯಸ್ಥಾನಗಳಲ್ಲಿ ಇರಿಸಬೇಕೆಂದೂ, ಇಂಥ ಆವರಣಗಳಿಗೆ ಬೇಲಿ, ಗೋಡೆಗಳ ರಕ್ಷಣೆ ಇರಬೇಕೆಂದೂ ಆದೇಶಿಸಿತು. ಆದೇಶವನ್ನು ನಡೆಸುವುದು ಅಧಿಕಾರಿಗಳ ಕೆಲಸವಾದರೂ ಶಾಲೆಯ ಅಂಗಳಕ್ಕೆ ನಾಯಿಗಳನ್ನು ಕರೆಯುವುದು ನಮ್ಮ ಮಧ್ಯಾಹ್ನದ ಊಟದ ಎಂಜಲು ಎಂಬುದನ್ನು ನಾವು ಮರೆಯಬಾರದು. ತಟ್ಟೆಯಲ್ಲಿ ಅನ್ನ ಬಿಡದಿರುವುದು, ಬಿಟ್ಟರೆ ಮುಚ್ಚಿದ ಬುಟ್ಟಿಗೆ ಹಾಕುವುದು, ಇವು ಕೂಡ ರೋಗನಿವಾರಣೆಯ ಕೆಲಸಗಳೇ.

ಇನ್ನೊಂದು ಸಂಗತಿ. ನಮ್ಮ ತಾಲೂಕಿನ ಆಚೆಗೆ ಅಥಣಿ, ತಿಕೋಟಾ, ಚಡಚಣ ಸೀಮೆಗಳಿವೆ. ರಾಜ್ಯದ ಗಡಿ ನಕಾಶೆಯಲ್ಲಿದೆ. ನಾಯಿಗೆ ಅದು ಕಾಣದು. ಗುಡ್ಡಾಪುರದ ದಾನಮ್ಮದೇವಿಗೆ ಕಾಲ್ನಡಿಗೆಯಿಂದ ಬರುವ ಭಕ್ತರ ಹಿಂದೆ ನಾಯಿಗಳೂ ಬರುತ್ತವೆ. ಮೇವು ಅರಸಿ ಹೋಗುವ ಕುರಿಹಿಂಡಿನೊಡನೆಯೂ ಹೋಗುತ್ತವೆ. ಒಂದು ದಂಡೆಗೆ ಮಾತ್ರ ಒಡ್ಡು ಹಾಕಿದರೆ ಹಳ್ಳದ ನೀರು ನಿಲ್ಲದು. ಆದುದರಿಂದ ಗಡಿಯ ಎರಡೂ ಬದಿಯ ಪಂಚಾಯತಿಗಳು ಒಂದೇ ಕಾಲದಲ್ಲಿ ಲಸಿಕೆಯ ಕೆಲಸ ಮಾಡಿದರೆ ಮಾತ್ರ ಅದು ಫಲಿಸೀತು. ಸಾಕಿದ ನಾಯಿಗೆ, ಕುರುಬರ ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ಲಸಿಕೆ ಹಾಕಿಸಿ, ಬಳಿಕ ಪಶುವೈದ್ಯರು ಹೇಳಿದಂತೆ ವರುಷವರುಷವೂ ಹಾಕಿಸುವುದು ಮನೆಯವರ ಕರ್ತವ್ಯ.

ಮಕ್ಕಳಿಗೂ ಪಾಲಕರಿಗೂ

ಮಕ್ಕಳೇ, ನಾಯಿ ಉಣ್ಣುವಾಗ, ಮಲಗಿರುವಾಗ, ಮರಿಗಳಿಗೆ ಹಾಲೂಡುವಾಗ ಅದರ ಬಳಿ ಹೋಗಬೇಡಿರಿ. ಕಲ್ಲೆಸೆಯಬೇಡಿರಿ, ಬಾಲ ಎಳೆಯಬೇಡಿರಿ. ನಾಯಿ ಬೆನ್ನಟ್ಟಿದರೆ ಓಡಬೇಡಿರಿ. ಕೈಗಳನ್ನು ಮೈಗೆ ಅಂಟಿಸಿ, ಅದರ ಕಣ್ಣನ್ನು ದಿಟ್ಟಿಸದೆ, ಮರದಂತೆ ನಿಲ್ಲಿರಿ. ಕೆಡವಿದರೆ ಮೊಣಕಾಲು ಮಡಚಿ, ಮುಖ ಕತ್ತುಗಳನ್ನು ಕೈಯಿಂದ ಮುಚ್ಚಿ, ಕಲ್ಲಿನಂತೆ ಬಿದ್ದಿರಿ. ಇಷ್ಟಾಗಿಯೂ ಹಲ್ಲೋ ಉಗುರೋ ತಾಗಿದರೆ, ಗಾಯ ಎಳ್ಳಿನಷ್ಟೇ ಇರಲಿ, ತೊಳೆದುಕೊಂಡು ಕೂಡಲೇ ಹೇಳಿರಿ. ಅವ್ವನಿಗೆ ಹೇಳಿರಿ, ಅಪ್ಪನಿಗೆ ಹೇಳಿರಿ, ಅಜ್ಜಿಗೆ ಹೇಳಿರಿ. ಅವರಾರೂ ಇಲ್ಲದಿದ್ದರೆ ಶಾಲೆಗೆ ಬಂದು ನಮಗೆ ಹೇಳಿರಿ. ನಾವೇ ನಿಮ್ಮನ್ನು ದವಾಖಾನೆಗೆ ಕರೆದೊಯ್ಯುತ್ತೇವೆ.

ಪಾಲಕರಲ್ಲಿ ನಮ್ಮ ವಿನಂತಿ ಒಂದೇ. ಮಗುವು ಬಂದು "ನಾಯಿ ಕಚ್ಚಿತು" ಎಂದಾಗ ಬೈಯಬೇಡಿರಿ, ಹೊಡೆಯಬೇಡಿರಿ. ಯಾಕೆ ಆ ಓಣಿಗೆ ಹೋಗಿದ್ದೆ, ಯಾಕೆ ನಾಯಿಯನ್ನು ಕೆಣಕಿದೆ ಎಂಬ ವಿಚಾರಣೆ ಆಮೇಲೆ ನಡೆಯಲಿ. ಒಮ್ಮೆ ಬೈಸಿಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ. ಲಸಿಕೆಯನ್ನು ಸರಕಾರ ಕೊಡುತ್ತದೆ, ಸೂಜಿಯನ್ನು ವೈದ್ಯರು ಹಾಕುತ್ತಾರೆ. ಆದರೆ ಕಚ್ಚಿದ ಸುದ್ದಿಯನ್ನು ಕೊಡಬೇಕಾದುದು ಮಗುವಿನ ಬಾಯಿ. ಆ ಬಾಯಿಯನ್ನು ಹೆದರಿಕೆಯಿಂದ ಮುಚ್ಚಿಸಿದರೆ ಜಗತ್ತಿನ ಯಾವ ಔಷಧಿಯೂ ಉಪಯೋಗಕ್ಕೆ ಬಾರದು.

ಮುಂದಿನ ವರುಷ ಪ್ರಾರ್ಥನೆಯ ವೇಳೆಯಲ್ಲಿ ಅದೇ ಪ್ರಶ್ನೆಯನ್ನು ನಾವು ಮತ್ತೆ ಕೇಳುವೆವು. ಆಗ ಎತ್ತಿದ ಕೈಗಳಲ್ಲಿ ಒಂದೂ ಕೆಳಗಿಳಿಯದಂತೆ ಆಗಲೆಂದು ಹಾರೈಸುತ್ತೇವೆ.